ಗರಿಯ ಬುಡ

"ಇದು ಬೆಟ್ಟದ್ದಲ್ಲ ರೈಟ್ರೇ, ಇದು ನಂದು."

ರಂಗಮ್ಮ ಒದ್ದೆ ಕೈಯಲ್ಲಿ ಎರಡು ಕಲ್ಲಿನ ತುಂಡುಗಳನ್ನು ಎತ್ತಿ ಹಿಡಿದು ಹೀಗೆಂದಾಗ ನಸರುಲ್ಲಾ ತಲೆ ಎತ್ತಲಿಲ್ಲ. ಬೋರಿಂಗ್ ಕ್ಯಾಂಪಿನ ಶೆಡ್ಡಿನಲ್ಲಿ ಕೂತು ಕಲ್ಲಿನ ಪೆಟ್ಟಿಗೆಗಳ ಪಟ್ಟಿ ಬರೆಯುತ್ತಿದ್ದ. ಮರುದಿನ ಬೆಳಿಗ್ಗೆ ಭೂವಿಜ್ಞಾನಿ ಉಮಾಮಹೇಶ್ವರ ಅವರು ಚಿಕ್ಕಮಗಳೂರಿನಿಂದ ಜೀಪಿನಲ್ಲಿ ಬರುವವರಿದ್ದರು. ಅಷ್ಟರೊಳಗೆ ನಾಲ್ಕನೇ ಬೋರಿನ ಹನ್ನೆರಡು ಪೆಟ್ಟಿಗೆಗಳನ್ನೂ ತೊಳೆದು ಸಾಲಾಗಿ ಇಡಬೇಕಿತ್ತು.

"ಎಂತ ನಿಮ್ಮದು?" ಎಂದ.

"ಈ ಒಡಕು. ಸುತ್ತಿಗೆಯಲ್ಲಿ ಒಡೆದದ್ದು ನಾನು. ನೀವು ಬೆಟ್ಟದ್ದು ಅಂತ ಕೆಂಪು ಚುಕ್ಕೆ ಇಟ್ಟಿದ್ದೀರಿ."

ನಸರುಲ್ಲಾನ ಪೆನ್ನು ನಿಂತಿತು.

ಬೋರಿಂಗ್ ಮೆಷಿನ್ನು ನೆಲದಾಳದಿಂದ ಕೊಯ್ದು ತರುವ ಕಲ್ಲು ದುಂಡಗೆ, ಕೋಲಿನ ಹಾಗೆ ಇರುತ್ತದೆ. ಆ ಕೋಲು ಪೆಟ್ಟಿಗೆಯ ಒಂದು ಮೀಟರ್ ಅಂಕಣಕ್ಕಿಂತ ಉದ್ದವಿದ್ದರೆ ಸುತ್ತಿಗೆಯಿಂದ ಮುರಿದು ಕೂರಿಸಬೇಕು. ಪೈಪಿನೊಳಗೆ ಕಚ್ಚಿಕೊಂಡರೆ ಬಡಿದು ಬೀಳಿಸಬೇಕು, ಆಗಲೂ ಮುರಿಯುತ್ತದೆ. ಹಾಗೆ ಮನುಷ್ಯರು ಮುರಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆಯುವುದು ಕ್ಯಾಂಪಿನ ಪದ್ಧತಿ. ಗೆರೆ ಇದ್ದದ್ದು ನಮ್ಮ ಒಡಕು, ಇಲ್ಲದ್ದು ಬೆಟ್ಟದ ಸ್ವಂತ ಬಿರುಕು. ಆದರೆ ಆ ವರ್ಷ, ಎಪ್ಪತ್ತೇಳರಲ್ಲಿ, ಮಳೆ ಹಿಡಿಯುವ ಮೊದಲು ಮುಗಿಸಬೇಕೆಂಬ ಅವಸರದಲ್ಲಿ ಮೇ ಕೊನೆಯವರೆಗೂ ಬೋರು ಹೊಡೆದು, ಪೆಟ್ಟಿಗೆಗಳನ್ನು ತಗಡಿನ ಶೆಡ್ಡಿಗೆ ತುಂಬಿ ಎಲ್ಲರೂ ಬೆಟ್ಟ ಇಳಿದಿದ್ದರು. ನಾಲ್ಕು ತಿಂಗಳ ಮಳೆ ಕಳೆದು ಸೆಪ್ಟೆಂಬರಿನಲ್ಲಿ ನಸರುಲ್ಲಾ ಮೂಡಿಗೆರೆಯ ಆಫೀಸಿನಿಂದ ಇಲ್ಲಿಗೆ ವರ್ಗವಾಗಿ ಬಂದಾಗ ಸೀಮೆಸುಣ್ಣದ ಗೆರೆ ಒಂದೂ ಉಳಿದಿರಲಿಲ್ಲ.

ಅವನು ಹೆದರಲಿಲ್ಲ. ಅವನ ಹತ್ತಿರ ನೋಟ್ಸ್ ಇತ್ತು. ಹಗಲು ಭಾವನ ಗ್ಯಾರೇಜಿನಲ್ಲಿ ಲಾರಿಗಳ ಅಡಿ ಮಲಗಿ, ಸಂಜೆ ಕೈಗೆ ಸೀಮೆಎಣ್ಣೆ ಹಚ್ಚಿ ಗ್ರೀಸು ತಿಕ್ಕಿ ತೆಗೆದು ಚಿಕ್ಕಮಗಳೂರಿನ ಸಂಜೆ ತರಗತಿಯಲ್ಲಿ ಮೂರು ವರ್ಷ ಕೂತು ಬರೆದುಕೊಂಡ ನೋಟ್ಸ್. ಅದರಲ್ಲಿ ಸ್ಪಷ್ಟವಾಗಿತ್ತು: ಬೆಟ್ಟದೊಳಗಿನ ಬಿರುಕಿನಲ್ಲಿ ನೀರು ಹರಿದಿರುತ್ತದೆ, ಆದ್ದರಿಂದ ಅದರ ಮುಖಕ್ಕೆ ತುಕ್ಕಿನ ಬಣ್ಣ ಹಿಡಿದಿರುತ್ತದೆ. ಹೊಸದಾಗಿ ಒಡೆದದ್ದು ಶುಭ್ರವಾಗಿರುತ್ತದೆ. ಅವನು ಒಂದೊಂದು ತುಂಡನ್ನೂ ಎರಡೆರಡು ಸಲ ನೋಡಿ, ತುಕ್ಕಿದ್ದ ಕಡೆ ಕೆಂಪು ಚುಕ್ಕೆ ಇಟ್ಟು, ಮೂವತ್ತಾರು ಮೀಟರಿನಲ್ಲಿ ಅರವತ್ತೊಂದು ಸಹಜ ಬಿರುಕು ಎಂದು ಬರೆದು ಕಳಿಸಿ ಹತ್ತು ದಿನವಾಗಿತ್ತು.

"ತುಕ್ಕು ಉಂಟಲ್ಲ ರಂಗಮ್ಮ, ನೋಡಿ," ಎಂದು ಬೆರಳಿಟ್ಟು ತೋರಿಸಿದ.

ರಂಗಮ್ಮ ಮೇಲೆ ನೋಡಿದಳು. ಅವನೂ ನೋಡಿದ. ತಗಡಿನ ಮಾಡಿನಲ್ಲಿ ಮೊಳೆ ಹೊಡೆದ ಸಾಲಿನುದ್ದಕ್ಕೂ ಸೂಜಿ ತೂತುಗಳಿಂದ ನವೆಂಬರಿನ ಬಿಸಿಲು ಇಳಿಯುತ್ತಿತ್ತು. ಪ್ರತಿ ತೂತಿನ ಸುತ್ತ ಇಟ್ಟಿಗೆ ಬಣ್ಣದ ಕಲೆ. ಬಿಸಿಲಿನ ಚುಕ್ಕೆಗಳು ಬಿದ್ದದ್ದು ನೇರವಾಗಿ ಪೆಟ್ಟಿಗೆಗಳ ಮೇಲೆ.

"ಮಳೆಗಾಲ ಪೂರ್ತಿ ಇಲ್ಲಿ ತೊಟ್ಟಿಕ್ಕಿದ್ದು ತಗಡಿನ ನೀರು," ಎಂದಳು ರಂಗಮ್ಮ. "ನನ್ನ ಸೀರೆಗೆ ಬಿದ್ದ ಕಲೆ ಇವತ್ತಿಗೂ ಹೋಗ್ಲಿಲ್ಲ. ಕಲ್ಲಿಗೆ ಹಿಡಿಯದೆ ಇರ್ತದಾ?"

ನಸರುಲ್ಲಾ ಪಟ್ಟಿ ಬದಿಗಿಟ್ಟು ಆ ತುಂಡುಗಳನ್ನು ಅವಳ ಕೈಯಿಂದ ತೆಗೆದುಕೊಂಡ.

ಬಾಳೂರಿನಿಂದ ಕಳಸದ ಕಡೆ ಇಳಿಯುವ ಆ ಕಣಿವೆಯ ಹಳ್ಳಕ್ಕೆ ಒಂದು ಕಟ್ಟೆ ಕಟ್ಟಬೇಕೆಂದು ಇಲಾಖೆ ಹೊರಟಿತ್ತು. ನಕ್ಷೆಯ ಮೇಲೆ ಎರಡು ಗೆರೆ ಇದ್ದವು. ಮೇಲಿನ ಗೆರೆ, ಎರಡು ಗುಡ್ಡದ ಮೂಗುಗಳು ಹತ್ತಿರ ಬರುವಲ್ಲಿ. ನಾಲ್ಕನೇ ಬೋರು ಹೊಡೆದದ್ದು ಅಲ್ಲೇ. ಅಲ್ಲಿ ಕಟ್ಟಿದರೆ ಹಿಂದೆ ಮುಳುಗುವುದು ಕಾಡು, ಹುಲ್ಲು. ಆದರೆ ಬಂಡೆ ಗಟ್ಟಿ ಇರಬೇಕು. ಬಿರುಕಿದ್ದರೆ ನೀರು ನಿಲ್ಲುವುದಿಲ್ಲ. ಇಲ್ಲದಿದ್ದರೆ ಅರ್ಧ ಮೈಲಿ ಆಚೆಯ ಕೆಳಗಿನ ಗೆರೆ. ಎರಡು ಗೆರೆಗಳ ನಡುವೆ ಹೊನ್ನೆಗದ್ದೆ ಇತ್ತು, ಕೆಳಗೆ ಕಟ್ಟಿದರೆ ಮುಳುಗುವುದು ಅದೇ. ಹದಿನಾಲ್ಕು ಮನೆ. ಅದರಲ್ಲಿ ಒಂದು ರಂಗಮ್ಮನದು. ಅರವತ್ತೊಂದು ಬಿರುಕು ಎಂದು ನಸರುಲ್ಲಾ ಬರೆದ ಮೇಲೆ ಕೆಳಗಿನ ಗೆರೆಯೇ ಸರಿ ಎಂದು ಮಾತಾಗಿ, ನಾಳೆ ಉಮಾಮಹೇಶ್ವರ ಅವರು ಪೆಟ್ಟಿಗೆ ನೋಡಿ ಸಹಿ ಹಾಕುವುದೊಂದೇ ಬಾಕಿ ಇತ್ತು.

ಮೆಷಿನ್ನಿನ ಫೋರ್‌ಮನ್ ಬಸವರಾಜಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ರಂಗಮ್ಮ ನೀರು ತರಲು ಹಳ್ಳಕ್ಕೆ ಇಳಿದ ಮೇಲೆ ಒಳಗೆ ಬಂದು ಪೆಟ್ಟಿಗೆಯ ಅಂಚಿನ ಮೇಲೆ ಕೂತ.

"ಅವಳ ಮನೆ ಎಲ್ಲುಂಟು ಗೊತ್ತುಂಟಲ್ಲ ಸಾಬ್ರೆ?"

"ಗೊತ್ತು."

"ಮತ್ತೆ? ಮನೆ ಮುಳುಗ್ತದೆ ಅಂದ್ರೆ ನಂಗೂ ಒಂದೂ ಬಿರುಕು ಕಾಣ್ಲಿಕ್ಕಿಲ್ಲ. ನಿಮ್ಮ ಕೆಲಸ ಇನ್ನೂ ಟೆಂಪರ್‌ವರಿ. ಬರೆದು ಕಳಿಸಿದ್ದನ್ನು ತಪ್ಪು ಅಂತ ನೀವೇ ಹೇಳಿದ್ರೆ ಮಾರ್ಚಿಗೆ ಮನೆಗೆ ಕಳಿಸ್ತಾರೆ. ಪೆಟ್ಟಿಗೆ ತೊಳೆಯೋಳ ಮಾತು ಕೇಳಿ ಹೀಗಾಯ್ತು ಅಂತ ಊರೆಲ್ಲ ನಗ್ತದೆ, ಬೇರೆ."

ಬಸವರಾಜಪ್ಪ ಕೆಟ್ಟವನಲ್ಲ. ನಸರುಲ್ಲಾನಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟಿದ್ದ. ಅದಕ್ಕೇ ಅವನ ಮಾತು ಒಳಗೆ ಕೂತಿತು. ರಂಗಮ್ಮ ಸುಳ್ಳು ಹೇಳುತ್ತಿದ್ದಾಳೆಯೇ? ಹೇಳಿದರೂ ತಪ್ಪೆಂದು ಯಾರು ಅಂದಾರು? ಆದರೆ ತಗಡಿನ ತೂತು ಸುಳ್ಳಲ್ಲ. ಹಾಗೆಂದು ತೂತಿನಡಿ ಇದ್ದ ಬಿರುಕೆಲ್ಲ ನಮ್ಮದೇ ಎನ್ನಲೂ ಬರುವುದಿಲ್ಲ. ನಿಜವಾದ ಬಿರುಕಿನ ಮೇಲೂ ನೀರು ಬಿದ್ದಿರಬಹುದು. ನೋಟ್ಸನ್ನು ತೆಗೆದು ಆ ಪುಟವನ್ನು ಮತ್ತೆ ಓದಿದ. ಮಾಡು ಸೋರಿದರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿರಲಿಲ್ಲ.

ಕೊನೆಗೆ ಅವನಿಗೆ ಒಂದು ಉಪಾಯ ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯೂ ಆಯಿತು. ಮೊದಲನೇ ಬೋರಿನ ಕಲ್ಲನ್ನು ಉಮಾಮಹೇಶ್ವರ ಅವರೇ ಕೂತು ನೋಡಿದ್ದರು. ಅದು ಕ್ಯಾಂಪ್ ಆಫೀಸಿನ ಹೆಂಚಿನ ಮಾಡಿನಡಿ ಒಣಗಿಕೊಂಡೇ ಇತ್ತು. ಅದರಲ್ಲಿ ಅವರು ಸಹಜ ಬಿರುಕೆಂದು ಗುರುತು ಹಾಕಿದ ಮೂರು ತುಂಡು ಆರಿಸಿ ಗುರುತನ್ನು ಒರೆಸಿದ. ಶೆಡ್ಡಿನ ಹಿಂದೆ ಹೋಗಿ ಬೇಡದ ಕಲ್ಲಿನ ರಾಶಿಯಿಂದ ಮೂರು ಕೋಲು ತೆಗೆದು ತಾನೇ ಸುತ್ತಿಗೆಯಿಂದ ಮುರಿದ. ಮುರಿದ ಮುಖಕ್ಕೆ ಹಳೆಯ ಡ್ರಮ್ಮಿನ ತುಕ್ಕನ್ನು ನೀರಲ್ಲಿ ಕಲಸಿ ಹಚ್ಚಿ ಬಿಸಿಲಿಗಿಟ್ಟ. ಆರನ್ನೂ ಬೆರೆಸಿ, ಊಟದ ಹೊತ್ತು ಕಳೆದ ಮೇಲೆ ರಂಗಮ್ಮನ ಮುಂದೆ ಗೋಣಿಯ ಮೇಲೆ ಸಾಲಾಗಿಟ್ಟ.

"ಯಾವುದು ಬೆಟ್ಟದ್ದು, ಯಾವುದು ನಮ್ಮದು, ಹೇಳಿ."

ರಂಗಮ್ಮ ಅವನ ಮುಖವನ್ನೊಮ್ಮೆ ನೋಡಿದಳು. ಐವತ್ತು ದಾಟಿದ ಹೆಂಗಸು. ಮೂರು ವರ್ಷದಿಂದ ಈ ಕ್ಯಾಂಪಿನಲ್ಲಿ ಕಲ್ಲು ತೊಳೆಯುತ್ತಿದ್ದಳು. ಅದಕ್ಕೆ ಮೊದಲು ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದಳು. ಒಂದೊಂದು ತುಂಡನ್ನೂ ಬೆಳಕಿಗೆ ಓರೆಯಾಗಿ ಹಿಡಿದು, ತಿರುಗಿಸಿ, ಎಡಕ್ಕೆ ಮೂರು ಬಲಕ್ಕೆ ಮೂರು ಇಟ್ಟಳು. ಒಂದು ನಿಮಿಷವೂ ಹಿಡಿಯಲಿಲ್ಲ.

"ಇವು ಮೂರು ಬೆಟ್ಟದ್ದು. ಇವು ಮೂರು ಯಾರೋ ಈಗ್ಲೇ ಒಡೆದದ್ದು." ಅವಳ ತುಟಿಯ ಅಂಚು ಸ್ವಲ್ಪ ಅಲುಗಿತು. "ಒಡೆದೋರ ಉಗುರಲ್ಲಿ ತುಕ್ಕು ಇನ್ನೂ ಉಂಟು."

ನಸರುಲ್ಲಾ ಕೈಯನ್ನು ಬೆನ್ನ ಹಿಂದೆ ಸರಿಸಿದ. ಆದರೆ ಆರಕ್ಕೆ ಆರೂ ಸರಿಯಾಗಿತ್ತು.

"ಹೇಗೆ ಗೊತ್ತಾಗ್ತದೆ ನಿಮಗೆ?"

"ಗರಿ ನೋಡಿದ್ರೆ ಆಯ್ತಲ್ಲ."

"ಯಾವ ಗರಿ?"

ಅವಳು ಒಂದು ತುಂಡನ್ನು ಅವನ ಕೈಗಿಟ್ಟು, ಮಣಿಕಟ್ಟು ಹಿಡಿದು ಬೆಳಕಿನ ಕಡೆ ಓರೆ ಮಾಡಿದಳು. ಮೊದಲು ಏನೂ ಕಾಣಲಿಲ್ಲ. ಕಲ್ಲನ್ನು ಇನ್ನೊಂದು ಎಳೆಯಷ್ಟು ವಾಲಿಸಿದಾಗ ಮುಖದ ಮೇಲೆಲ್ಲ ನವುರಾದ ಗೀರುಗಳು ಎದ್ದು ಬಂದವು. ನಡುವೆ ಒಂದು ದಂಟು, ಎರಡೂ ಬದಿಗೆ ಬಾಗಿ ಹರಡಿದ ಎಳೆಗಳು. ಹಕ್ಕಿಯ ಗರಿಯನ್ನು ಕಲ್ಲಿನ ಮೇಲೆ ಒತ್ತಿದ ಹಾಗೆ. ಎರಡು ತಿಂಗಳಿಂದ ಪ್ರತಿ ತುಂಡನ್ನೂ ಎರಡೆರಡು ಸಲ ನೋಡಿದವನು ಇದನ್ನು ಒಮ್ಮೆಯೂ ಕಂಡಿರಲಿಲ್ಲ.

"ಎಲ್ಲದ್ರಲ್ಲೂ ಕಾಣಲ್ಲ, ಸಣ್ಣ ಕಣದ ನುಣುಪು ಕಲ್ಲಲ್ಲಿ ಚೆನ್ನಾಗಿ ಕಾಣ್ತದೆ. ಈಗ ಗರಿಯ ಬುಡ ಎಲ್ಲುಂಟು ನೋಡಿ. ಇಗೋ, ಕೋಲಿನ ಅಂಚಲ್ಲಿ. ಸುತ್ತಿಗೆ ಬಿದ್ದದ್ದು ಅಲ್ಲೇ. ಅಲ್ಲಿಂದ ಹೊರಟು ಆಚೆಗೆ ಹೋಗಿ ಮುಗೀತು." ಇನ್ನೊಂದು ತುಂಡು ಎತ್ತಿಕೊಂಡಳು. "ಇದ್ರದ್ದು ನೋಡಿ. ಬುಡವೂ ಇಲ್ಲ, ತುದಿಯೂ ಇಲ್ಲ. ಎಲ್ಲಿಂದಲೋ ಬಂತು, ಎಲ್ಲಿಗೋ ಹೋಯ್ತು. ನಡುವಲ್ಲಿ ನಮ್ಮ ಕೋಲು ಸಿಕ್ಕಿದ್ದು ಅಷ್ಟೇ. ಅಂದ್ರೆ ನಾವು ಬರೋ ಮೊದ್ಲೇ ಇತ್ತು."

"ಯಾರು ಹೇಳಿಕೊಟ್ಟದ್ದು ಇದನ್ನು?"

"ಹೇಳಿಕೊಡ್ಲಿಕ್ಕೆಂತ ಉಂಟು ಮಾರಾಯ್ರೆ? ಮೂರು ವರ್ಷ ಒಡೆದದ್ದು ನಾನು, ತೊಳೆದದ್ದು ನಾನು. ನಾ ಒಡೆದದ್ದು ಹೇಗಿರ್ತದೆ ಅಂತ ನಂಗೆ ಗೊತ್ತಾಗದಾ?"

ಆ ಮಧ್ಯಾಹ್ನ ಇಬ್ಬರೂ ಶೆಡ್ಡಿನ ಬಾಗಿಲಲ್ಲಿ, ಬೆಳಕು ಓರೆಯಾಗಿ ಬರುವಲ್ಲಿ ಕೂತರು. ಪೆಟ್ಟಿಗೆ ಒಂದರಿಂದ ಶುರುಮಾಡಿದರು. ಅವಳು ತುಂಡು ಎತ್ತಿ ತಿರುಗಿಸುವಳು, ಅವನೂ ನೋಡುವನು, ಒಪ್ಪಿಗೆಯಾದ ಮೇಲೆ ಬರೆಯುವನು. ಮೊದಲ ಪೆಟ್ಟಿಗೆಗೆ ಒಂದು ಗಂಟೆ ಹಿಡಿಯಿತು. ಐದನೆಯದಕ್ಕೆ ಬರುವಾಗ ಅವಳು ಹೇಳುವ ಮೊದಲೇ ಅವನಿಗೆ ಗರಿಯ ಬುಡ ಕಾಣತೊಡಗಿತ್ತು. ಆ ಸಂತೋಷದಲ್ಲಿ ತನ್ನ ಅರವತ್ತೊಂದು ಚುಕ್ಕೆಗಳು ಒಂದೊಂದಾಗಿ ಅಳಿಯುತ್ತಿವೆ ಎಂಬುದನ್ನೂ ಅವನು ಆಗಾಗ ಮರೆತ. ನೆನಪಾದಾಗ ಬರೆದದ್ದನ್ನು ಮತ್ತೊಮ್ಮೆ ಎಣಿಸುತ್ತಿದ್ದ. ಗುರುತು ಕಾಣದೆ ಇಬ್ಬರಿಗೂ ಅನುಮಾನವಾದದ್ದನ್ನು ಬೆಟ್ಟದ್ದೆಂದೇ ಬಿಟ್ಟರು. ಹಾಗೆ ಬಿಡೋಣ ಎಂದವಳೂ ರಂಗಮ್ಮನೇ.

ಹನ್ನೊಂದನೇ ಪೆಟ್ಟಿಗೆಯಲ್ಲಿ ಅವಳ ಕೈ ತಡೆಯಿತು. ಅದು ತೂತಿಲ್ಲದ ಮೂಲೆಯಲ್ಲಿದ್ದ ಪೆಟ್ಟಿಗೆ. ನಡುವಿನ ಸಾಲಿನಲ್ಲಿ ಓರೆಯಾಗಿ, ಉದ್ದಕ್ಕೆ ಸೀಳಿದ ಒಂದು ಕೋಲು. ಮುಖ ಬೆಳ್ಳಗೆ ಶುಭ್ರವಾಗಿತ್ತು. ತುಕ್ಕಿಲ್ಲವೆಂದು ನಸರುಲ್ಲಾ ಅದಕ್ಕೆ ಚುಕ್ಕೆಯನ್ನೇ ಇಟ್ಟಿರಲಿಲ್ಲ. ರಂಗಮ್ಮ ಅದನ್ನು ಬಹಳ ಹೊತ್ತು ಹಿಡಿದುಕೊಂಡಳು. ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಸೆರಗಿನಿಂದ ಒರೆಸಿ ಅವನ ಮುಂದಿಟ್ಟಳು.

"ಇದನ್ನು ಬರ್ಕೊಳ್ಳಿ. ಇದು ಬೆಟ್ಟದ್ದು."

"ಇದು ಶುಭ್ರ ಉಂಟಲ್ಲ?"

"ಶುಭ್ರ ಅಲ್ಲ, ಬೆಣಚುಕಲ್ಲಿನ ಪೊರೆ ಕೂತದ್ದು. ಉಗುರು ಹಾಕಿ ನೋಡಿ, ಜಾರ್ತದೆ. ಒಡೆದ ಕಲ್ಲು ಹೀಗೆ ಜಾರಲ್ಲ. ದೊಡ್ಡದು ಇದು. ನಿಂತ ಬಿರುಕು, ಮೇಲಿಂದ ಕೆಳಗೆ ಹೋದದ್ದು."

ನಸರುಲ್ಲಾ ಉಗುರು ಹಾಕಿ ನೋಡಿದ. ಜಾರಿತು. ತಲೆ ಎತ್ತಿ ಅವಳನ್ನು ನೋಡಿದ. ಅರವತ್ತೊಂದು ಸಣ್ಣ ಬಿರುಕುಗಳಿಗಿಂತ ಇಂಥದೊಂದು ಹೆಚ್ಚು ಎಂದು ಅವನ ನೋಟ್ಸಿನಲ್ಲೇ ಇತ್ತು. ಅವಳಿಗೆ ನೋಟ್ಸ್ ಇಲ್ಲದೆಯೂ ಅದು ಗೊತ್ತಿದೆ ಎಂಬುದು ಅವಳ ಮುಖದಲ್ಲೇ ಇತ್ತು.

"ರಂಗಮ್ಮ," ಎಂದ, ಮೆಲ್ಲಗೆ. "ನೀವು ಹೇಳದೆ ಇದ್ದಿದ್ರೆ ಇದು ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನಂಗೆ ಗೊತ್ತಾಯ್ತಲ್ಲ," ಎಂದಳು ಅವಳು, ಮುಂದಿನ ತುಂಡಿಗೆ ಕೈ ಹಾಕುತ್ತ. "ಬರ್ಕೊಳ್ಳಿ. ಹೊತ್ತಾಯ್ತು."

ಲೆಕ್ಕ ಹಾಕಿದಾಗ ಹದಿನಾಲ್ಕು ಉಳಿದಿತ್ತು. ಹದಿಮೂರು ಸಣ್ಣವು, ಮತ್ತು ಅದೊಂದು.

ಉಮಾಮಹೇಶ್ವರ ಅವರು ಬೆಳಿಗ್ಗೆ ಒಂಬತ್ತಕ್ಕೇ ಬಂದರು. ಎತ್ತರದ ಆಳು, ಕಡಿಮೆ ಮಾತು. ನಸರುಲ್ಲಾ ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮಾತು ಜೀಪಿನ ಬಾಗಿಲ ಹತ್ತಿರವೇ ಅಡಿಮೇಲಾಯಿತು.

"ಸಾರ್, ನಾನು ಬರೆದು ಕಳಿಸಿದ ಲಾಗ್ ತಪ್ಪು. ನಾಲ್ಕನೇ ಬೋರು. ಅರವತ್ತೊಂದಲ್ಲ, ಹದಿನಾಲ್ಕು. ಮಾಡು ಸೋರಿತ್ತು ಸಾರ್, ನಾನು ಮೇಲೆ ನೋಡ್ಲಿಲ್ಲ. ರಂಗಮ್ಮ ತೋರಿಸಿದ್ರು."

"ಯಾವ ರಂಗಮ್ಮ?"

"ಕಲ್ಲು ತೊಳೆಯೋರು ಸಾರ್. ಹೊನ್ನೆಗದ್ದೆಯವರು." ಅದನ್ನು ಮುಚ್ಚಿಡುವುದು ಸರಿಯಲ್ಲವೆಂದು ಅವನೇ ಸೇರಿಸಿದ.

ಬಸವರಾಜಪ್ಪ ದೂರದಲ್ಲಿ ಹಣೆ ಚಚ್ಚಿಕೊಂಡ. ಉಮಾಮಹೇಶ್ವರ ಅವರು ಶೆಡ್ಡಿಗೆ ಹೋಗಿ ಮಾಡು ನೋಡಿದರು. ಜೇಬಿನಿಂದ ಮಸೂರ ತೆಗೆದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಎರಡು ಗಂಟೆ ಎದ್ದೇಳಲಿಲ್ಲ. ನಡುನಡುವೆ "ಇದು?" ಎಂದು ತುಂಡು ಎತ್ತುವರು. ಬಾಗಿಲ ಹೊರಗೆ ನಿಂತ ರಂಗಮ್ಮ ಗರಿಯ ಬುಡ ಎಲ್ಲಿದೆಯೆಂದು ಹೇಳುವಳು. ನಾಲ್ಕನೇ ಸಲಕ್ಕೆ ಅವರು, "ಒಳಗೆ ಬಂದು ಕೂತ್ಕೊಳ್ಳಿ ರಂಗಮ್ಮ, ಅಲ್ಲಿಂದ ಕೂಗಿದ್ರೆ ನಂಗೆ ಕುತ್ತಿಗೆ ನೋವು," ಎಂದರು.

ಕೊನೆಗೆ ಬೆಳ್ಳನೆಯ ಬಿರುಕಿನ ಕೋಲನ್ನು ಎತ್ತಿಕೊಂಡು, "ನೀವು ಗರಿ ಅಂದ್ರಲ್ಲ," ಎಂದರು. "ಪುಸ್ತಕದಲ್ಲೂ ಅದನ್ನು ಗರಿ ಅಂತಲೇ ಕರೆಯೋದು. ನಂಗೆ ಅದು ಕಾಲೇಜಿನಲ್ಲಿ ಗುರುಗಳು ತೋರಿಸಿದ ಮೇಲೆ ಕಂಡದ್ದು."

"ಸ್ವಾಮೀ, ಒಂದು ಕೇಳ್ಲಾ?" ಎಂದಳು ರಂಗಮ್ಮ. "ನಾವು ಒಡೆದದ್ದು ಸುತ್ತಿಗೆಯಲ್ಲಿ. ಬೆಟ್ಟದೊಳಗೆ ಇದನ್ನು ಒಡೆದದ್ದು ಯಾರು?"

ಉಮಾಮಹೇಶ್ವರ ಅವರು ನಕ್ಕರು. ಆಮೇಲೆ ನೆಲಕ್ಕೇ ಕೂತುಬಿಟ್ಟರು. "ಈ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದ ಮರಳು, ಕೆಸರು. ಪದರದ ಮೇಲೆ ಪದರ ಕೂತದ್ದು. ಮೇಲಿನ ಭಾರಕ್ಕೆ ಒತ್ತಿ ಒತ್ತಿ ಕಲ್ಲಾಯ್ತು. ಕಣಗಳ ನಡುವೆ ಸಿಕ್ಕಿಬಿದ್ದ ನೀರಿಗೆ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಅದು ಒಳಗಿಂದ ತಳ್ತದೆ. ಆಮೇಲೆ ನೆಲ ಮೇಲೆದ್ದು ಬೆಟ್ಟ ಆಗ್ತದೆ, ಮಳೆ ಮೇಲಿನ ಮಣ್ಣನ್ನು ಕೊಚ್ಚಿಕೊಂಡು ಹೋಗ್ತದೆ. ಭಾರ ಇಳೀತು. ಕಲ್ಲು ಹಿಗ್ತದೆ, ತಣ್ಣಗಾಗಿ ಕುಗ್ತದೆ, ಬಾಗ್ತದೆ. ತಡೆಯೋ ಅಷ್ಟು ತಡೆದು ಒಂದು ಕಡೆ ಬಿರಿತದೆ. ಬಿರಿಯೋದು ಹೆಚ್ಚಾಗಿ ಪದರಕ್ಕೆ ಅಡ್ಡಲಾಗಿ. ಒಂದು ವಿಚಿತ್ರ ಏನು ಅಂದ್ರೆ, ತೆಳು ಪದರ ಆದ್ರೆ ಬಿರುಕುಗಳು ಒತ್ತೊತ್ತಿಗೆ. ದಪ್ಪ ಪದರ ಆದ್ರೆ—"

"ದೂರ ದೂರ," ಎಂದಳು ರಂಗಮ್ಮ.

"ಹೇಗೆ ಹೇಳಿದ್ರಿ?"

"ಅಕ್ಕಿ ರೊಟ್ಟಿ ಹಾಗೇ ಅಲ್ಲ? ತೆಳ್ಳಗೆ ತಟ್ಟಿದ್ದನ್ನು ಬಗ್ಗಿಸಿದ್ರೆ ಸಣ್ಣ ಸಣ್ಣಕ್ಕೆ ಬಿರಿತದೆ. ದಪ್ಪದ್ದು ಎರಡೇ ಕಡೆ ಬಾಯಿ ಬಿಡ್ತದೆ."

ಉಮಾಮಹೇಶ್ವರ ಅವರು ನಸರುಲ್ಲಾನ ಕಡೆ ತಿರುಗಿ, "ಬರ್ಕೊಳ್ರೀ, ನಿಮ್ಮ ನೋಟ್ಸಿಗೆ," ಎಂದರು. ಅವನು ನಿಜಕ್ಕೂ ಬರೆದುಕೊಂಡ.

ಎದ್ದು ನಿಂತ ಮೇಲೆ ಅವರ ದನಿ ಕೆಲಸದ ದನಿಯಾಯಿತು. ಆ ಬೆಳ್ಳನೆಯ ಬಿರುಕು ದೊಡ್ಡದೇ. ಆದರೆ ಬೆಣಚು ತುಂಬಿ ಬಹುಪಾಲು ಕೂಡಿಕೊಂಡಿದೆ. ಉಳಿದಲ್ಲಿ ಸಿಮೆಂಟಿನ ಹಾಲು ತಳ್ಳಿ ಮುಚ್ಚಬಹುದು. ಅದು ಇರುವುದು ತಿಳಿಯದೆ ಕಟ್ಟಿದ್ದರೆ ಮೊದಲ ಮಳೆಗೇ ಕಟ್ಟೆಯ ಕೆಳಗೆ ನೀರು ಏಳುತ್ತಿತ್ತು. ಕೆಳಗಿನ ಗೆರೆಗೆ ಇದ್ದ ಕಾರಣ ಅರವತ್ತೊಂದು ಎಂಬ ಅಂಕಿಯೊಂದೇ. ಅದು ಹೋದ ಮೇಲೆ ಆ ಗೆರೆಯೂ ಹೋಯಿತು. ಇಂದೇ ಹಾಗೆಂದು ಬರೆಯುತ್ತೇನೆ ಎಂದರು. ರಂಗಮ್ಮ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ಕೈ ಯಾವಾಗಲೋ ಒಣಗಿತ್ತು.

"ಮತ್ತೆ ನನ್ನ ತಪ್ಪು, ಸಾರ್?" ಎಂದ ನಸರುಲ್ಲಾ.

"ಅದನ್ನೂ ಬರೀತೇನೆ. ಯಾರು ಕಂಡುಹಿಡಿದು ಹೇಳಿದ್ದು ಅಂತಲೂ ಬರೀತೇನೆ. ಮುಂದೆ ಆಫೀಸಿನೋರು ಏನು ಮಾಡ್ತಾರೋ ನಂಗೆ ಗೊತ್ತಿಲ್ಲ," ಎಂದು ಅವರು ಜೀಪು ಹತ್ತಿದರು.

ಹೊನ್ನೆಗದ್ದೆಯವರಿಗೆ ತಾನೇ ಹೇಳಬೇಕೆಂದು ನಸರುಲ್ಲಾನಿಗೆ ಅನಿಸಿತು. ರಂಗಮ್ಮ ಬೇಡವೆಂದರೂ ಅವಳ ಹಿಂದೆ ಹಳ್ಳ ದಾಟಿ ಇಳಿದ. ಎಸ್ಟೇಟಿನ ಬೇಲಿಯುದ್ದಕ್ಕೂ ಕಾಫಿ ಹಣ್ಣು ಕೆಂಪಾಗುತ್ತಿತ್ತು. ತಿರುವು ದಾಟಿದಾಗ ಊರು ಕಂಡಿತು. ಅವನು ಅಲ್ಲೇ ನಿಂತ.

ಹದಿನಾಲ್ಕರಲ್ಲಿ ಐದು ಮನೆಗಳ ಮಾಡು ಬರಿದಾಗಿತ್ತು. ಹೆಂಚು ಹೊರುವ ಮರದ ಪಕಾಸಿ, ರೀಪುಗಳು ಆಕಾಶಕ್ಕೆ ತೆರೆದುಕೊಂಡಿದ್ದವು. ಹೇಗೂ ಊರು ಬಿಟ್ಟು ಏಳಬೇಕಲ್ಲ, ಹೆಂಚಾದರೂ ಉಳಿಯಲಿ ಎಂದು ಜನ ಇಳಿಸಿ ಗೋಡೆಗೆ ಒರಗಿಸಿಟ್ಟಿದ್ದರು. ರಂಗಮ್ಮನ ಮನೆಗೆ ಅರ್ಧ ಭಾಗ ಮಾಡು ಇರಲಿಲ್ಲ. ಹತ್ತು ದಿನ ಅವಳು ಆ ಅರ್ಧ ಮಾಡಿನಡಿ ಮಲಗಿ ಎದ್ದು ಕೆಲಸಕ್ಕೆ ಬಂದಿದ್ದಳು. ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಅವಳ ತಮ್ಮ ಬೊಮ್ಮಯ್ಯ ಇನ್ನೊಂದು ಸಾಲು ಇಳಿಸಲು ಮಾಡು ಹತ್ತಿ ಕೂತಿದ್ದ. ನಸರುಲ್ಲಾ ಕೆಳಗೆ ನಿಂತು, ತಡೆದು ತಡೆದು, ಎಲ್ಲವನ್ನೂ ಹೇಳಿದ. ಅಕ್ಕಪಕ್ಕದ ಮನೆಯವರು ಹೊರಗೆ ಬಂದು ಕೇಳಿದರು. ಒಬ್ಬಳು ಮುದುಕಿ ಸೆರಗು ಬಾಯಿಗೊತ್ತಿಕೊಂಡಳು.

"ಅಂದ್ರೆ ಇಳಿಸಿ ಅಂತ ಬರೆದೋರೂ ನೀವೇ," ಎಂದ ಬೊಮ್ಮಯ್ಯ ಮೇಲಿನಿಂದ, "ಏರಿಸಿ ಅಂತ ಬಂದೋರೂ ನೀವೇ?"

"ಎರಡೂ ನಾನೇ," ಎಂದ ನಸರುಲ್ಲಾ.

ಬೊಮ್ಮಯ್ಯ ಅವನನ್ನು ಮೇಲಿಂದ ಕೆಳಗೆ ಅಳೆದ. "ಹಾಗಾದ್ರೆ ಶರ್ಟಿನ ತೋಳು ಮಡಚಿ ಮಾರಾಯ್ರೆ. ನಿಂತು ನೋಡಿದ್ರೆ ಹೆಂಚು ತಾನಾಗಿ ಹಾರಿ ಬರಲ್ಲ."

ಸಾಲು ಕಟ್ಟಿದರು. ಗೋಡೆಯ ಬುಡದಲ್ಲಿ ರಂಗಮ್ಮ ಕೂತಳು, ಅವಳ ಪಕ್ಕದಲ್ಲಿ ನಸರುಲ್ಲಾ ನಿಂತ, ಏಣಿಯ ಮೇಲೆ ಪಕ್ಕದ ಮನೆಯವನು. ರಂಗಮ್ಮ ಒಂದೊಂದು ಹೆಂಚನ್ನೂ ಎಡಗೈಯಲ್ಲಿ ಹಗುರಾಗಿ ತೂಗಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಳು. ಠಣ್ ಎಂದದ್ದನ್ನು ಅವನ ಕೈಗೆ ಕೊಡುವಳು. ದಬ್ ಎಂದದ್ದು ಒಳಗೆ ಬಿರಿದದ್ದು, ಅದನ್ನು ಹುಲ್ಲಿನ ಮೇಲೆ ಇಡುವಳು.

ಹುಲ್ಲಿನ ಮೇಲಿದ್ದ ಒಂದನ್ನು ನಸರುಲ್ಲಾ ಎತ್ತಿಕೊಂಡು ಬಿಸಿಲಿಗೆ ಹಿಡಿದ. ಹಿಂದೆ ನೋಡಿದ, ಮುಂದೆ ನೋಡಿದ. ಎಲ್ಲೂ ಒಂದು ಗೀರು ಕಾಣಲಿಲ್ಲ. ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕಿವಿ ಕೊಟ್ಟ. ಮತ್ತೊಮ್ಮೆ ತಟ್ಟಿದ. ದಬ್ ಎಂದಿತು. ಆಮೇಲೆ ಅದನ್ನು ಎತ್ತಿದಲ್ಲೇ ಜೋಪಾನವಾಗಿ ಇಟ್ಟು, ರಂಗಮ್ಮ ಆಗಲೇ ಚಾಚಿ ಹಿಡಿದಿದ್ದ ಮುಂದಿನ ಹೆಂಚಿಗೆ ಎರಡೂ ಕೈ ಒಡ್ಡಿದ.